ಬೂದಿಗೆ ಅಂಕವಿಲ್ಲ

ಇಡೀ ತರಗತಿಯ ಮನೆಗಳಲ್ಲಿ ಬಿಳಿ ನಾಯಿ ಇತ್ತು. ಒಬ್ಬರ ಮನೆಯಲ್ಲಾದರೂ ಕರಿಯದು, ಕಂದು ಬಣ್ಣದ್ದು, ಕುಂಟುವುದು ಇರಬಾರದೇ? ಇಲ್ಲ. ಐದನೇ ತರಗತಿಯ ಎಲ್ಲ ಮಕ್ಕಳೂ ‘ನಮ್ಮ ಮನೆಯಲ್ಲಿ ಒಂದು ಬಿಳಿ ನಾಯಿ ಇದೆ. ನಾಯಿ ನಿಷ್ಠಾವಂತ ಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ’ ಎಂದು ಬರೆದುಕೊಟ್ಟಿದ್ದರು. ಅವರಲ್ಲಿ ಒಬ್ಬ ಹುಡುಗ ಮುಧೋಳದ ಕಡೆಯವನು. ಅವನ ಸೋದರಮಾವ ಬೇಟೆನಾಯಿ ಸಾಕುವವನು. ಆ ಸಪೂರ ಹೊಟ್ಟೆಯ, ಉದ್ದ ಮೂತಿಯ ನಾಯಿಗಳ ಜೊತೆಗೇ ಇವನು ಬೆಳೆದವನು. ಅವನೂ ಬಿಳಿ ನಾಯಿಯನ್ನೇ ಬರೆದಿದ್ದ.

“ಯಾಕಪಾ, ನಿಮ್ಮ ಮಾವನ ನಾಯಿ ಬಗ್ಗೆ ಬರೀಬಾರದೇನು?” ಅಂದೆ.

“ಅದು ಗೈಡದಾಗ ಇಲ್ರಿ ಅಕ್ಕೋರ,” ಅಂದ.

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಮನೆಯಲ್ಲಿ ಗಂಡ, ಮಕ್ಕಳು, ಕೊನೆಗೆ ಹಾಲು ತರುವವನೂ ಇದನ್ನು ಬಲ್ಲರು. ಆದರೆ ಆ ದಿನ ಬಂದ ಸಿಟ್ಟು ಮಕ್ಕಳ ಮೇಲಲ್ಲ. ಹತ್ತು ವರ್ಷದ ಮಗುವಿಗೆ ತನ್ನ ಮನೆಯ ನಾಯಿ ಸುಳ್ಳು, ಗೈಡಿನ ನಾಯಿ ಖರೆ ಅಂತ ಕಲಿಸಿದವರು ಯಾರು? ನಾವೇ, ಮಾಸ್ತರರು. ಬೋರ್ಡಿನ ಮೇಲೆ ಪ್ರಬಂಧ ಬರೆಯುವುದು, ಮಕ್ಕಳು ಇಳಿಸಿಕೊಳ್ಳುವುದು, ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಕಾರಿಕೊಳ್ಳುವುದು. ಇದಕ್ಕೆ ನಾವು ಬರವಣಿಗೆ ಅನ್ನುತ್ತೇವೆ. ನಾಚಿಕೆಯಾಗಬೇಕು.

ನಾನು ಹುನ್ನೂರ ಹತ್ತಿರದ ಹಳ್ಳಿಯ ಶಾಲೆಯಿಂದ ಬನಹಟ್ಟಿಗೆ ವರ್ಗವಾಗಿ ಬಂದ ವರ್ಷ ಅದು. ಐದನೇ ತರಗತಿವರೆಗಿನ ಚಿಕ್ಕ ಶಾಲೆ. ಓಣಿಯ ಎರಡೂ ಬದಿಗೆ ಮಗ್ಗದ ಮನೆಗಳು. ಬೆಳಗಿನಿಂದ ಖಟಖಟ ಸದ್ದು. ಕರೆಂಟು ಹೋದಾಗ ಮಾತ್ರ ನನ್ನ ದನಿ ಹಿಂದಿನ ಬೆಂಚಿಗೆ ಕೇಳುತ್ತಿತ್ತು. ಮಕ್ಕಳೆಲ್ಲ ಮಗ್ಗದವರ ಮಕ್ಕಳೇ. ನಾನು ಬೋರ್ಡಿನ ಮೇಲೆ ಪ್ರಬಂಧ ಬರೆದುಹಾಕುವುದಿಲ್ಲ ಎಂದಾಗ ಮುಖ್ಯಗುರುಗಳು ಕರೆದು ಸಮಾಧಾನದಿಂದಲೇ ಹೇಳಿದರು: “ಅಕ್ಕೋರ, ಹೊಸಾದ ಏನೂ ಮಾಡಾಕ ಹೋಗಬ್ಯಾಡ್ರಿ. ಪೀಠಿಕೆ, ವಿವರಣೆ, ಉಪಸಂಹಾರ. ಇಷ್ಟ ಬಂದ್ರ ಮುಗೀತು.”

ಮುಗೀತು! ಈ ಮುಗೀತು ಎಂಬ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆ ತರಗತಿಯಲ್ಲಿ ಕೊನೆಯ ಸಾಲಿನ ಗೋಡೆಗೆ ಒರಗಿ ಕೂರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಮಾತಿಲ್ಲ. ಕೇಳಿದ್ದಕ್ಕೆ ತಲೆ ಆಡಿಸುವುದು, ಅಷ್ಟೇ. ಅವಳಿಗೆ ಬಿಳಿ ನಾಯಿಯೂ ಪೂರ್ತಿ ಬಾಯಿಪಾಠ ಬಂದಿರಲಿಲ್ಲ. ನಾಲ್ಕು ಕಾಲಿನ ಹತ್ತಿರ ನಿಂತುಬಿಟ್ಟಿದ್ದಳು. ದಡ್ಡಿ ಅಂತ ಹೆಸರಿಟ್ಟು ಹಿಂದಿನ ತರಗತಿಯಿಂದಲೇ ನನಗೆ ಒಪ್ಪಿಸಿದ್ದರು. ಪಾಲಕರ ಸಭೆಗೆ ಅವಳ ಅಪ್ಪ ಬಂದಿದ್ದ. ಸ್ವಂತ ಮಗ್ಗ ಹಾಕಿಕೊಂಡಿರುವ, ಕಡಿಮೆ ಮಾತಿನ ಮನುಷ್ಯ. ಅಂಗಿಯ ತೋಳಿನ ಮೇಲೆ ನೂಲಿನ ತುಣುಕುಗಳು ಹಾಗೇ ಇದ್ದವು.

“ಐದನೇತ್ತಿ ಮುಗದ್ರ ಸಾಕ್ರಿ ಅಕ್ಕೋರ,” ಅಂದ. “ಬಾಯಿಲ್ಲ, ತಲಿಯಿಲ್ಲ. ಮುಂದಿನ ಸಾಲಿ ರಬಕವಿ ರಸ್ತಾ ದಾಟಿ ಹೋಗಬೇಕು. ಮನ್ಯಾಗ ಕಂಡಿಕಿ ಸುತ್ತಿದ್ರ ಅವರವ್ವಗರ ಆಸರ ಆಕ್ಕೈತಿ.”

ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಅದನ್ನು ಸುತ್ತುತ್ತ ಕೂತ ಹೆಣ್ಣುಮಕ್ಕಳನ್ನು ನಾನು ಆ ಓಣಿಯಲ್ಲಿ ದಿನಾ ನೋಡುತ್ತಿದ್ದೆ. ಕಾನೂನು ಐತಿ, ಮಕ್ಕಳನ್ನ ಸಾಲಿ ಬಿಡಸೂ ಹಂಗಿಲ್ಲ ಅಂತ ಜಬರಿಸಿದೆ. ಆತ ಜಗ್ಗಲಿಲ್ಲ. “ಹೆಸರ ಹಚ್ಚತೇನ್ರಿ. ಹೆಸರ ಸಾಲ್ಯಾಗ ಇರ್ತೈತಿ, ಹುಡುಗಿ ಮನ್ಯಾಗ ಇರ್ತಾಳ. ಎಷ್ಟ ಮಂದಿ ಹಿಂಗ ಮಾಡ್ಯಾರಿಲ್ಲಿ!” ಅಂದ. ಅದು ಖರೆ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ಏಳುವಾಗ ಏನೋ ಪಾಪ ಅನ್ನಿಸಿತೋ, ನನ್ನ ಕಾಟ ಸಾಕಾಯಿತೋ, “ವಾರ್ಷಿಕ ಪರೀಕ್ಷಾದಾಗ ಕನ್ನಡ ಒಂದರ ಛಲೋ ಮಾಡ್ಲಿ. ಕಳಸ್ತೇನಿ,” ಅಂದ.

“ಮಾಡ್ತಾಳ,” ಅಂದೆ. ಹುಡುಗಿ ಅಪ್ಪನ ಪಕ್ಕ ನೆಲ ನೋಡುತ್ತ ನಿಂತಿದ್ದಳು.

ಮರುದಿನ ನಾನು ಮನೆಯಿಂದ ಜೋಳದ ಹಿಟ್ಟು, ಪರಾತ, ಹಂಚು ತಂದೆ. ಹಿಂದಿನ ದಿನ ಮಕ್ಕಳಿಗೆ ‘ರೊಟ್ಟಿ ಮಾಡುವುದು ಹೇಗೆ’ ಎಂದು ಬರೆದುಕೊಂಡು ಬರಲು ಹೇಳಿದ್ದೆ. ಗೈಡಿನಲ್ಲಿ ಇಲ್ಲದ ವಿಷಯ. ಹಾಗಾಗಿ ಬಹಳ ಮಕ್ಕಳು ಎರಡು ಸಾಲಿನಲ್ಲೇ ಮುಗಿಸಿದ್ದರು. ಬಿಸಿಯೂಟದ ಕೋಣೆಯ ಮುಂದೆ ಎಲ್ಲರನ್ನೂ ಕೂರಿಸಿ, ಒಬ್ಬ ಜಾಣ ಹುಡುಗಿಯ ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದೆ: ‘ಹಿಟ್ಟು ತೆಗೆದುಕೊಂಡು ನೀರು ಹಾಕಿ ನಾದಬೇಕು. ನಂತರ ಬಡಿದು ಸುಡಬೇಕು.’ ಸರಿ ಅಂತ ನಳದ ತಣ್ಣೀರನ್ನೇ ಹಿಟ್ಟಿಗೆ ಸುರಿದೆ. ಹಿಟ್ಟು ಹಳೆಯದು, ಜಿಗಿಯಿಲ್ಲ. ಬಡಿಯಲು ಹೋದರೆ ಅಂಚೆಲ್ಲ ಬಿರಿದು, ಎತ್ತಿದ ಕೂಡಲೇ ಮೂರು ತುಂಡಾಗಿ ಪರಾತದೊಳಗೆ ಬಿತ್ತು.

“ಅಯ್ಯ! ಎಸರ ಬೇಕ್ರಿ ಅಕ್ಕೋರ, ಎಸರ!” ಎಂದು ಮಕ್ಕಳು ಕೂಗಿದರು. ಎಸರು ಅಂದರೆ ಕುದಿಯುವ ನೀರು. ಅದನ್ನು ಹಿಟ್ಟಿಗೆ ಹಾಕಿ ಕಲಸಿದರೇ ಜಿಗಿ ಬರುವುದು.

“ಎಸರು ಎಲ್ಲಿ ಬರದೀರಿ? ತೋರಸ್ರಿ ನೋಡೂಣು!”

“ಅದ್ಯಾಕ ಬರೀಬೇಕ್ರಿ? ಅದು ಎಲ್ಲಾರಿಗೂ ಗೊತ್ತಿರತೈತಿ.”

“ನನಗ ಗೊತ್ತಿಲ್ಲ. ನಾ ದಿನಾ ಅನ್ನ ಉಣ್ಣೂ ಊರಾಕಿ ಅಂತ ತಿಳೀರಿ. ನಿಮ್ಮ ಹಾಳಿ ನೋಡಿ ರೊಟ್ಟಿ ಮಾಡೇನಿ, ಈಗ ಉಪಾಸ ಸಾಯಾಕತ್ತೇನಿ. ಯಾರ ತಪ್ಪು?”

ನಕ್ಕರು, ಬಿದ್ದುಬಿದ್ದು ನಕ್ಕರು. ಆದರೆ ತಲೆಗೆ ಹೋಯಿತು. ಅಂದಿನಿಂದ ನಮ್ಮ ತರಗತಿಗೆ ಒಂದೇ ಕಟ್ಟಳೆ: ಎಲ್ಲರಿಗೂ ಗೊತ್ತು ಅಂತ ಬಿಡುವ ಹಾಗಿಲ್ಲ. ಸೈಕಲ್ ಪಂಕ್ಚರ್ ತೆಗೆಯುವುದು, ನೀರು ಬಂದಾಗ ಕೊಡ ಪಾಳಿ ಹಚ್ಚುವುದು, ಕಬ್ಬಿನ ಟ್ರ್ಯಾಕ್ಟರಿನಿಂದ ಕಬ್ಬು ಜಗ್ಗುವುದು, ಏನು ಬೇಕಾದರೂ ಬರೆಯಲಿ. ಬರೆದದ್ದನ್ನು ಇನ್ನೊಬ್ಬರು ಓದಿ, ಬರೆದ ಹಾಗೇ ಮಾಡಿ ತೋರಿಸಬೇಕು. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಒಂದು ಸಾಲು ಕಡಿಮೆ ಬಿದ್ದಿದೆ ಅಂತ ಅರ್ಥ. “ಎಸರ ಎಲ್ಲಿ?” ಅಂತ ಮಕ್ಕಳೇ ಒಬ್ಬರನ್ನೊಬ್ಬರು ಹಿಡಿಯತೊಡಗಿದರು. ಬಾಯಿಪಾಠದ ಜಾಣರಿಗೆ ಇದು ಕಷ್ಟವಾಯಿತು. ಅವರ ತಾಯಂದಿರು ಬಂದು, “ನಮ್ಮ ಹುಡುಗನ ಮಾರ್ಕ್ಸ ಕಡಿಮಿ ಆದ್ರ ನೀವ ಜವಾಬ್ದಾರಿ ನೋಡ್ರಿ,” ಅಂತ ಗದರಿಸಿ ಹೋದರು.

ಗೋಡೆಗೆ ಒರಗಿದ ಹುಡುಗಿ ಮೊದಲು ಬರೆದದ್ದು ನೀರೊಲೆ ಹೊತ್ತಿಸುವ ಬಗ್ಗೆ. ಆಮೇಲೆ ತಂಗಿಗೆ ಎರಡು ಜಡೆ ಹಾಕುವ ಬಗ್ಗೆ. ಆ ಹಾಳೆ ನೋಡಿ ಮುಧೋಳದ ಹುಡುಗ, ಜನ್ಮದಲ್ಲಿ ಜಡೆ ಮುಟ್ಟದವನು, ಒಬ್ಬಳಿಗೆ ಸರಿಯಾಗಿ ಜಡೆ ಹಾಕಿಬಿಟ್ಟ. ತರಗತಿಯೆಲ್ಲ ಚಪ್ಪಾಳೆ. ಅವಳು ಚಪ್ಪಾಳೆ ತನಗೆ ಅಂತ ತಿಳಿಯದೆ ತಾನೂ ಚಪ್ಪಾಳೆ ಹೊಡೆದಳು. ಮಾತು ಮಾತ್ರ ಇನ್ನೂ ಇರಲಿಲ್ಲ. ಎಲ್ಲವೂ ಹಾಳೆಯ ಮೇಲೆ. ನನಗೆ ಅಷ್ಟು ಸಂತೋಷವಾಗಿತ್ತು, ಆಕೆಯ ಅಪ್ಪನಿಗೆ ಈಗಲೇ ಹೋಗಿ ಜಂಬ ಕೊಚ್ಚೋಣ ಅನ್ನಿಸುತ್ತಿತ್ತು. ಪರೀಕ್ಷೆ ಆಗಲಿ ಅಂತ ತಡೆದುಕೊಂಡೆ.

ಪರೀಕ್ಷೆ ಬಂತು. ಆ ವರ್ಷ ಐದನೇ ತರಗತಿಯ ಉತ್ತರಪತ್ರಿಕೆಗಳನ್ನು ನಮ್ಮ ಶಾಲೆಯಲ್ಲಿ ತಿದ್ದುವ ಹಾಗಿರಲಿಲ್ಲ. ಎಲ್ಲ ಬಂಡಲುಗಳೂ ಜಮಖಂಡಿಗೆ ಹೋದವು, ತಿದ್ದಲು ನಾವೂ ಹೋದೆವು. ಒಂದು ದೊಡ್ಡ ಶಾಲೆಯ ಹಾಲಿನಲ್ಲಿ ಮೇಜುಗಳು, ಮೇಲೆ ಕಿರ್ ಎನ್ನುವ ಫ್ಯಾನು. ಯಾರ ಶಾಲೆಯ ಪತ್ರಿಕೆಯೂ ಅವರಿಗೇ ಸಿಗುವುದಿಲ್ಲ. ಹೆಸರಿರುವುದಿಲ್ಲ, ನಂಬರು ಮಾತ್ರ. ನನ್ನ ಪಕ್ಕದ ಮೇಜಿನಲ್ಲಿ ಬೀಳಗಿ ಕಡೆಯ ಶಾಲೆಯೊಂದರ ಸರ್ ಕೂತಿದ್ದರು. ಒಳ್ಳೆಯ ಮನುಷ್ಯ, ಬೆಳಿಗ್ಗೆ ನನಗೆ ನೀರಿನ ಬಾಟಲಿ ತುಂಬಿಸಿ ತಂದುಕೊಟ್ಟವರು.

ಊಟದ ಹೊತ್ತಿಗೆ ಅವರು ಒಂದು ಪತ್ರಿಕೆ ಎತ್ತಿ ಹಿಡಿದು ನಗತೊಡಗಿದರು. “ಕೇಳ್ರಿಲ್ಲೆ, ಕೇಳ್ರಿ! ನಿಮ್ಮ ಊರಿನ ಒಂದು ಕಸುಬಿನ ಬಗ್ಗೆ ಪ್ರಬಂಧ ಬರೀರಿ ಅಂದ್ರ ಏನ್ ಬರದೈತಿ ನೋಡ್ರಿ ಕೂಸು,” ಎಂದು ಓದಿದರು:

‘ಕೆಚ್ಚುವುದು ಅಂದರೆ ಹಳೆಯ ಎಳೆಗೆ ಹೊಸ ಎಳೆ ಕೂಡಿಸುವುದು. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆಗಳು, ತೀರಿತು ಅಂದರೆ ಅದನ್ನು ಪೂರ್ತಿ ತೆಗೆಯಬಾರದು. ತುದಿ ಬಿಡಬೇಕು. ಮೊದಲು ನೀರೊಲೆಯ ಬೂದಿಯನ್ನು ಸಾಣಿಸಿ ಬಟ್ಟಲಲ್ಲಿ ಇಟ್ಟುಕೊಳ್ಳಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ಬೂದಿ ಹಚ್ಚಬೇಕು. ಬೂದಿ ಇಲ್ಲದಿದ್ದರೆ ಬೆವರಿಗೆ ಎಳೆ ಜಾರುತ್ತದೆ. ಹಳೆ ಎಳೆ ಹೊಸ ಎಳೆ ಜೋಡಿ ಹಿಡಿದು ಹೊಸೆಯಬೇಕು. ಹೊಸೆದ ಮೇಲೆ ಮಡಚಿ ಇನ್ನೊಮ್ಮೆ ಹೊಸೆಯಬೇಕು. ಒಂದು ಎಳೆ ಬಿಟ್ಟುಹೋದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅದಕ್ಕೇ ಕೆಚ್ಚುವಾಗ ನಮ್ಮ ಅಪ್ಪನ ಜೊತೆ ಯಾರೂ ಮಾತಾಡಬಾರದು.’

ನಾನು ಪೆನ್ನು ಕೆಳಗಿಟ್ಟೆ. ನಂಬರು ಯಾರಿಗೆ ಬೇಕು? ಆ ಬೂದಿ ಯಾರ ಮನೆಯದು ಅಂತ ನನಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತು ಅಂತ ಅವಳು ಬಿಟ್ಟಿರಲಿಲ್ಲ, ಹುಡುಗಿ ಎಸರು ಹಾಕಿದ್ದಳು! ಎದ್ದು ಹೋಗಿ ನೋಡಿದೆ. ಬೂದಿ ಎಂಬ ಶಬ್ದ ಬಂದಲ್ಲೆಲ್ಲ ಕೆಂಪು ಗೆರೆ. ಪಕ್ಕದಲ್ಲಿ ನಾಲ್ಕಕ್ಕೆ ಒಂದು ಅಂಕ.

“ಒಂದ ಯಾಕ್ರಿ ಸರ್?” ಅಂದೆ. ದನಿ ಆಗಲೇ ಏರಿತ್ತು.

“ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ. ಉತ್ತರಸೂಚಿ ನೋಡ್ರಿ ಬೇಕಾದ್ರ. ನೇಕಾರರು ದೇಶದ ಮಾನ ಕಾಯುವವರು, ನಾವು ಅವರನ್ನು ಗೌರವಿಸಬೇಕು, ಇಂಥಾ ಒಂದು ವಾಕ್ಯ ಐತೇನ್ರಿ ಇದರಾಗ?”

“ಆ ವಾಕ್ಯ ಓದಿ ನೀವು ಒಂದು ಎಳಿ ಕೆಚ್ಚತೀರೇನ್ರಿ? ಈಕಿದು ಓದಿದ್ರ ಕೆಚ್ಚಬಹುದು! ವಿವರಿಸಿ ಬರೀರಿ ಅಂತ ಕೇಳ್ತೀರಿ, ವಿವರಿಸಿದ್ರ ಕೆಂಪ ಗೀರು ಎಳೀತೀರಿ. ಬೂದಿ ಅಂದ್ರ ಏನಂತರ ಗೊತ್ತೈತೇನ್ರಿ ನಿಮಗ?”

ಹಾಲಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಸರ್ ನಗು ನಿಲ್ಲಿಸಿದರು.

“ಗೊತ್ತಿಲ್ಲೇನ್ರಿ ನನಗ?” ಅಂದರು ಮೆಲ್ಲಗೆ. “ನಂದೂ ಖಾಸಾ ರಬಕವಿ. ನಮ್ಮ ಅಪ್ಪನೂ ಬೂದಿ ಹಚ್ಚಿಕೊಂಡ ಕುಂದ್ರತಿದ್ದ. ನಾ ಸಾಣಿಸಿ ಕೊಡತಿದ್ದೆ. ಆದ್ರ ಅದನ್ನ ನಾ ಎಂದರ ಪೇಪರದಾಗ ಬರದೇನೇನು? ಮನಿ ಮಾತ ಪ್ರಬಂಧ ಆಕ್ಕೈತೇನ್ರಿ? ಹಂಗ ಬರ್ಕೊಂತ ಕುಂತಿದ್ರ ನಾ ಇವತ್ತ ಈ ಖುರ್ಚಿ ಮ್ಯಾಲೆ ಇರತಿದ್ದಿಲ್ಲ.”

ಗೊತ್ತಿಲ್ಲದವರಾಗಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿದ್ದೂ ಗೀರು ಎಳೆದಿದ್ದರು. ತನ್ನ ಅಪ್ಪನ ಬೆರಳಿಗೇ ಎಳೆದ ಹಾಗೆ! ನನಗೆ ಏನೇನು ಬಾಯಿಗೆ ಬಂತೋ ಎಲ್ಲ ಅಂದುಬಿಟ್ಟೆ. ಅಂದದ್ದು ಪೂರ್ತಿ ನೆನಪಿಲ್ಲ, “ನಿಮ್ಮಂಥವರಿಂದನ ಮಕ್ಕಳು ಮೂಗರಾಗಾಕತ್ತಾರ” ಅಂತ ಕಿರುಚಿದ್ದು ನೆನಪಿದೆ. ಮೇಲ್ವಿಚಾರಕರು ಓಡಿ ಬಂದರು. ಪತ್ರಿಕೆ ತೆಗೆದು ನೋಡಿದರು, ಉತ್ತರಸೂಚಿ ನೋಡಿದರು, ನನ್ನನ್ನು ನೋಡಿದರು. “ಸರ್ ಸೂಚಿ ಪ್ರಕಾರನ ತಿದ್ದ್ಯಾರ. ನಿಮ್ಮ ಬಂಡಲ್ ನೀವು ನೋಡ್ರಿ ಅಕ್ಕೋರ,” ಅಂದರು. ಯಾರೋ ಚಹಾ ತಂದು ಮುಂದೆ ಇಟ್ಟರು. ಕುಡಿಯಲಿಲ್ಲ.

ತಿರುಗಿ ಕೂತು ನನ್ನ ಬಂಡಲಿನ ಮುಂದಿನ ಪತ್ರಿಕೆ ತೆಗೆದೆ. ಯಾವ ಊರಿನ ಮಗುವೋ, ಮುದ್ದಾದ ಅಕ್ಷರ: ‘ನೇಕಾರರು ದೇಶದ ಮಾನ ಕಾಯುವವರು.’ ಪೀಠಿಕೆ ಇತ್ತು, ಉಪಸಂಹಾರ ಇತ್ತು. ಅದರ ಮುಂದಿನದರಲ್ಲೂ ಅದೇ. ಮತ್ತೊಂದರಲ್ಲೂ ಅದೇ. ಸೂಚಿಯ ಪ್ರಕಾರ ನಾನು ಪೂರ್ತಿ ಅಂಕ ಕೊಡುತ್ತ ಹೋಗಬೇಕಾಯಿತು. ಸಾಯಂಕಾಲ ಬನಹಟ್ಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅತ್ತೆ. ಸಿಟ್ಟು ಬಂದರೆ ಅಳು ಬರುವುದು ನನ್ನ ಹಳೆಯ ಶನಿ. ಪಕ್ಕದಲ್ಲಿ ಕೂತ ತೇರದಾಳದ ಅಜ್ಜಿ ಯಾರೋ ಸತ್ತಿದ್ದಾರೆ ಅಂತ ತಿಳಿದು ನನ್ನ ಬೆನ್ನು ಸವರಿದಳು.

ಫಲಿತಾಂಶ ಬಂದಾಗ ಹುಡುಗಿಯ ಕನ್ನಡದ ಅಂಕ ಉಳಿದೆಲ್ಲ ವಿಷಯಗಳಿಗಿಂತ ಕೆಳಗಿತ್ತು. ಬಾಯಿಪಾಠದ ಪ್ರಶ್ನೆಗಳಲ್ಲಿ ಅವಳು ಎಂದೂ ಹುಷಾರಲ್ಲ; ಪ್ರಬಂಧವೇ ಎತ್ತಬೇಕಿತ್ತು, ಅದೇ ಮುಳುಗಿಸಿತು. ಅಪ್ಪ ಶಾಲೆಗೆ ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿತ್ತು. ಬೇಸಿಗೆ ಸೂಟಿ ಶುರುವಾದ ಮೇಲೆ ನಾನೇ ಹೋದೆ.

ಅವರ ಮನೆಯಲ್ಲಿ ಮಗ್ಗ ನಿಂತಿತ್ತು. ಹೊಸ ಹಾಸು ಬಂದಿತ್ತು, ಆತ ಮಗ್ಗದ ಹಿಂದೆ ತಗ್ಗಿ ಕೂತು ಕೆಚ್ಚುತ್ತಿದ್ದ. ಪಕ್ಕದಲ್ಲಿ ಬೂದಿಯ ಬಟ್ಟಲು. ಉರಿಬಿಸಿಲಿನ ದಿನ, ಎಳೆ ಹಾರೀತು ಅಂತ ಫ್ಯಾನು ಬಂದ್ ಮಾಡಿದ್ದರು. ಆತನ ಹೆಂಡತಿ ನನಗೆ ಚಾಪೆ ಹಾಸಿ ನೀರು ಕೊಟ್ಟಳು. ಹುಡುಗಿ ಮೂಲೆಯಲ್ಲಿ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಆಗಲೇ ಕೂರಿಸಿಬಿಟ್ಟಿದ್ದರು! ಅದನ್ನು ನೋಡಿ ನನ್ನ ತಲೆ ಕೆಟ್ಟಿತು.

“ಅಂಕಾ ಕಡಿಮಿ ಬಂದಾವು ಖರೆ, ಪ್ರಬಂಧಕ್ಕ ನಾಕಕ್ಕ ಒಂದ ಬಂದೈತಿ,” ಅಂದೆ. “ಆದ್ರ ಆಕಿ ಬರದದ್ದು ಇಡೀ ಜಮಖಂಡ್ಯಾಗ ಯಾರೂ ಬರದಿಲ್ಲ.”

“ನೀವು ಛಲೋ ಅಂತೀರಿ, ಸರಕಾರ ಒಂದ ಅಂಕ ಅಂತೈತಿ. ನಾ ಯಾರ ಮಾತ ಕೇಳಬೇಕ್ರಿ?” ಆತ ಎಳೆಯಿಂದ ಕಣ್ಣು ತೆಗೆಯದೆ ಕೇಳಿದ. “ಏನ್ ಬರದಿದ್ಲು ಅಂಥಾದ್ದು?”

ಹೇಳಿದೆ. ನೆನಪಿದ್ದಷ್ಟನ್ನು ಅವಳ ಸಾಲಿನಲ್ಲೇ ಹೇಳಿದೆ. ನೀರೊಲೆ, ಸಾಣಿಸಿದ ಬೂದಿ, ಬೆವರು, ಅಪ್ಪನ ಜೊತೆ ಯಾರೂ ಮಾತಾಡಬಾರದು ಎಂಬುದು. ಆತನಿಗೆ ಹೆಮ್ಮೆಯಾದೀತು ಅಂದುಕೊಂಡಿದ್ದೆ. ಆತನ ಮುಖ ಸಣ್ಣದಾಯಿತು.

“ಏ, ಬೂದಿ ಗೀದಿ ಯಾಕ ಬರದಿ ಬೇ?” ಎಂದು ಮಗಳ ಮೇಲೆ ಹರಿಹಾಯ್ದ. “ಶಾಣ್ಯಾ ಮಂದಿ ಓದೂ ಪೇಪರದಾಗ ನೀರೊಲಿ ಬೂದಿ! ನಮ್ಮ ಮನಿ ಮಾತ ಅವರಿಗ್ಯಾಕ? ಮರ್ಯಾದಿ ಕಳದೆಲ್ಲ!”

ಜಮಖಂಡಿಯ ಹಾಲಿನಲ್ಲಿ ಕೇಳಿದ ಅದೇ ಮಾತು. ಮನಿ ಮಾತು. ಆ ಸರ್, ಈ ಅಪ್ಪ, ಆ ಸೂಚಿ ಬರೆದವರು, ಎಲ್ಲರೂ ಒಂದೇ ಕಡೆ ನಿಂತು ಈ ಮಗುವಿನ ಬಾಯಿ ಮುಚ್ಚುತ್ತಿದ್ದರು. ನಾನು ಎದ್ದೆ. ಏನು ಬಂದರೂ ಬರಲಿ, ಇವತ್ತು ಈತನಿಗೆ ಸರಿಯಾಗಿ ಅಂದೇ ಹೋಗುವುದು ಅಂತ ಬಾಯಿ ತೆರೆದೆ.

ರಾಟಿ ನಿಂತಿತು. ಹುಡುಗಿ ಎದ್ದು ಬಂದಳು. ನನ್ನನ್ನು ನೋಡಲಿಲ್ಲ. ಬಗ್ಗಿ ಅಪ್ಪನ ಪಕ್ಕದ ಬೂದಿಯ ಬಟ್ಟಲನ್ನು ಎತ್ತಿಕೊಂಡು ಬೆನ್ನ ಹಿಂದೆ ಹಿಡಿದಳು.

“ಏ, ಏನ್ ಮಾಡಾಕತ್ತಿ? ತಾ ಇಲ್ಲೆ.”

“ತರೂದಿಲ್ಲ,” ಅಂದಳು.

ಅವಳ ದನಿ ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು. ಗಡುಸು ದನಿ, ಓಣಿಯ ಮಗ್ಗಗಳ ಸದ್ದಿನ ಮೇಲೂ ಕೇಳುವಂಥದ್ದು.

“ಬರೀಬಾರದ್ದು ಇದ್ರ ನೀನೂ ಹಚ್ಚಬ್ಯಾಡ. ಬೂದಿ ಬಿಟ್ಟು ಕೆಚ್ಚಿ ತೋರಸು. ತೋರಸಪಾ! ನೀ ಕೆಚ್ಚಿದ್ರ ನಂದು ತಪ್ಪು. ಇಲ್ಲೇ ಕುಂತ ಕಂಡಿಕಿ ಸುತ್ತತೇನಿ, ಎಲ್ಲಿಗೂ ಕಳಸು ಅಂತ ಕೇಳೂದಿಲ್ಲ.”

ತಾಯಿ “ಏ ಹುಡುಗಿ, ಅಪ್ಪಗ ಹಂಗ ಅಂತಾರೇನ?” ಎಂದು ಕೈ ಎತ್ತಿ ಬಂದಳು. ಆತ ಬೇಡ ಎಂಬಂತೆ ಕೈ ಅಡ್ಡ ಹಿಡಿದ. ಬೆರಳನ್ನು ಅಂಗಿಗೆ ಒರೆಸಿಕೊಂಡು ಎರಡು ಎಳೆ ಜೋಡಿಸಿ ಹೊಸೆದ. ಹಣೆಯಿಂದ ಬೆವರು ಇಳಿಯುತ್ತಿತ್ತು, ಅಂಗೈ ಹೊಳೆಯುತ್ತಿತ್ತು. ಎಳೆ ಜಾರಿತು. ಮತ್ತೆ ಒರೆಸಿಕೊಂಡ, ಮತ್ತೆ ಹೊಸೆದ, ಮತ್ತೆ ಜಾರಿತು. ಆತ ಮೂರನೇ ಸಲ ಹೊಸೆಯಲು ಹೋಗಲಿಲ್ಲ. ಎಳೆ ಬಿಟ್ಟು ಮಗಳನ್ನು ನೋಡಿದ.

“ಬಾಯಿಲ್ಲ ಅಂದಿದ್ನೆಲ್ಲರಿ ಈಕಿಗೆ,” ಅಂದ ನನಗೆ. ಆಮೇಲೆ ಅವಳ ಕಡೆ ಕೈ ಚಾಚಿದ. “ಆತು. ಕಳಸ್ತೇನಿ. ತಾ ಇನ್ನ.”

ಹುಡುಗಿ ಬಟ್ಟಲು ಕೊಡಲಿಲ್ಲ. ಇನ್ನೂ ಒಂದು ಹೆಜ್ಜೆ ಹಿಂದೆ ಸರಿದಳು.

“ಎಲ್ಲಿಗೆ ಕಳಸ್ತಿ, ಯಾವಾಗ ಕಳಸ್ತಿ, ಅದನ್ನೂ ಹೇಳು,” ಅಂದಳು. “ಅಕ್ಕೋರ ಕಡೆ ನೋಡಿ ಹೇಳು.”

ಆತ ನನ್ನ ಕಡೆ ತಿರುಗಿದ. “ಸಾಲಿ ಸುರು ಆದ ದಿನ, ರಬಕವಿ ರಸ್ತಾದ ಸಾಲಿಗೆ, ಆರನೇತ್ತಿಗೆ. ನಾನ ಕರಕೊಂಡ ಹೋಗಿ ಬಿಟ್ಟ ಬರ್ತೇನ್ರಿ ಅಕ್ಕೋರ,” ಅಂದ.

ಆಗ ಅವಳು ಬಟ್ಟಲನ್ನು ಅಪ್ಪನ ಪಕ್ಕದಲ್ಲಿ, ಮೊದಲು ಇದ್ದಲ್ಲೇ ಇಟ್ಟಳು.